ಎಲ್ಲಿಗೂ ಹೋಗದ ಮಳೆ

ಊಟದ ಮೇಜಿನ ಮೇಲೆ ಮೂರು ದಿನದಿಂದ ನಕ್ಷೆ ಹರಡಿಕೊಂಡಿದೆ. ನಮ್ಮ ಊಟ ಸೋಫಾದಲ್ಲಿ.

ಜುಲೈ ಕೊನೆಗೆ ಜೀಪಿನಲ್ಲಿ ಹೊರಡುವುದು. ಅಮೆರಿಕದ ಮೊಂಟಾನಾದಿಂದ ನ್ಯೂ ಮೆಕ್ಸಿಕೋವರೆಗೆ, ರಾಕಿ ಪರ್ವತದಲ್ಲಿ ನೀರು ಇಬ್ಭಾಗವಾಗುವ ಗೆರೆ ಹಿಡಿದು, ಆದಷ್ಟೂ ಮಣ್ಣು ರಸ್ತೆಯಲ್ಲೇ. ಜೂನ್‌ನಲ್ಲಾದರೆ ಕೊಲರಾಡೊದ ಎತ್ತರದ ದಾರಿಗಳಲ್ಲಿ ಇನ್ನೂ ಹಿಮ.

ಇವತ್ತು ವಯೋಮಿಂಗ್ ಹತ್ತಿರ ಪೆನ್ಸಿಲ್ ನಿಂತುಬಿಟ್ಟಿತು. ಅಲ್ಲಿ ಆ ಗೆರೆ ಎರಡಾಗಿ ಸೀಳಿ, ಒಂದು ದೊಡ್ಡ ಬಟ್ಟಲನ್ನು ಸುತ್ತಿ, ಮತ್ತೆ ಒಂದಾಗುತ್ತದೆ. ಗ್ರೇಟ್ ಡಿವೈಡ್ ಬೇಸಿನ್. ಅಲ್ಲಿ ಬಿದ್ದ ಮಳೆ ಪೆಸಿಫಿಕ್‌ಗೂ ಹೋಗುವುದಿಲ್ಲ, ಅಟ್ಲಾಂಟಿಕ್‌ಗೂ ಹೋಗುವುದಿಲ್ಲ. ಅಲ್ಲೇ ಇಂಗಬೇಕು, ಇಲ್ಲಾ ಆವಿಯಾಗಬೇಕು.

ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ಅಂದಳು, "ನಮ್ಮ ಬಿಸಿಲೆ ಘಾಟಿ ಕಡೆ ಕಲ್ಲು ನೆಟ್ಟಿದ್ದಾರಲ್ಲ, ಈ ಕಡೆ ಬಿದ್ದಿದ್ದು ಬಂಗಾಳ ಕೊಲ್ಲಿಗೆ, ಆ ಕಡೆದು ಅರಬ್ಬಿ ಸಮುದ್ರಕ್ಕೆ ಅಂತ. ಇದು ಎರಡಕ್ಕೂ ಇಲ್ವಾ? ಪಾಪ."

ಮಳೆನೀರಿಗೂ ಪಾಪ ಅನ್ನೋಳು ನಮ್ಮಮ್ಮ ಒಬ್ಬಳೇ.

ಹತ್ತು ವರ್ಷದಿಂದ ಇಲ್ಲಿದ್ದೇನೆ. ಆ 'ಪಾಪ' ಯಾಕೋ ಬರೀ ನೀರಿಗೆ ಹೇಳಿದ್ದು ಅನ್ನಿಸಲಿಲ್ಲ.

ಇರಲಿ. ಆ ಬಟ್ಟಲು ದಾಟುವಾಗ ಪೆಟ್ರೋಲ್ ಬಂಕ್ ಸಿಗುವುದು ಕಷ್ಟ, ಮರದ ನೆರಳೂ ಅಷ್ಟಕ್ಕಷ್ಟೇ. ಇನ್ನೊಂದು ಕ್ಯಾನ್ ಬೇಕು. ಯಾರ ಹತ್ರ ಇದೆ?