“ಯಾವ ಅಂಗದ ರಕ್ತನಾಳ?”

ನಮ್ಮ ಇಚ್ಛೆಗೆ ಒಳಪಡದೆ ಕೆಲಸ ಮಾಡುವ ಸಿಂಪಥೆಟಿಕ್ ನರಗಳು ಚುರುಕಾದರೆ ರಕ್ತನಾಳಗಳು ಕುಗ್ಗುತ್ತವೆ ಎಂಬ ಉತ್ತರವನ್ನು ನಮ್ಮ ಫಿಸಿಯಾಲಜಿ ಮೇಡಂ ಎಂದೂ ಒಪ್ಪುತ್ತಿರಲಿಲ್ಲ. “ಯಾವ ಅಂಗದ ರಕ್ತನಾಳ? ಚರ್ಮದ್ದೋ, ಸ್ನಾಯುವಿನದೋ, ಮೂತ್ರಪಿಂಡದ್ದೋ?” ಎಂದು ತಕ್ಷಣ ತಿರುಗಿ ಕೇಳುತ್ತಿದ್ದರು. ಮೊದಲ ವರ್ಷದಲ್ಲಿದ್ದ ನಮಗೆ ಅದು ಪೀಡೆ ಎನಿಸುತ್ತಿತ್ತು. ಕಾಲೇಜು ನನಗೆ ಕೊಟ್ಟದ್ದರಲ್ಲಿ ಅತಿ ಹೆಚ್ಚು ಬಳಕೆಗೆ ಬಂದದ್ದು ಆ ಪ್ರಶ್ನೆಯೇ.

ಅವರ ಪಾಠ ಫ್ರೆಂಚ್ ಶರೀರವಿಜ್ಞಾನಿ ಕ್ಲಾಡ್ ಬರ್ನಾರ್ಡ್ ಅವರ ಮೊಲದಿಂದ ಶುರುವಾಗುತ್ತಿತ್ತು. 1850ರ ದಶಕದ ಆರಂಭದಲ್ಲಿ ಅವರು ಮೊಲದ ಕುತ್ತಿಗೆಯ ಸಿಂಪಥೆಟಿಕ್ ನರವನ್ನು ಕತ್ತರಿಸಿದಾಗ ಆ ಬದಿಯ ಕಿವಿ ಕೆಂಪೇರಿ ಬಿಸಿಯಾಯಿತು; ಅಂದರೆ ಅಲ್ಲಿಯವರೆಗೆ ನಾಳಗಳನ್ನು ಬಿಗಿಹಿಡಿದಿದ್ದದ್ದು ಆ ನರವೇ. ಎರಡು ದಶಕಗಳ ನಂತರ ಲೈಪ್‌ಜಿಗ್‌ನಲ್ಲಿ, ಕಾರ್ಲ್ ಲುಡ್ವಿಗ್ ಅವರ ಪ್ರಯೋಗಾಲಯದಲ್ಲಿ, ಓವ್‌ಸ್ಯಾನಿಕಾಫ್ ಮತ್ತು ಡಿಟ್ಮಾರ್ ರಕ್ತದೊತ್ತಡವನ್ನು ಎತ್ತಿ ಹಿಡಿಯುವ ಜಾಗ ಮಿದುಳುಕಾಂಡದ ಕೆಳಭಾಗವಾದ ಮೆಡುಲ್ಲಾದಲ್ಲಿದೆ ಎಂಬುದನ್ನು ತೋರಿಸಿದರು.

ಅಲ್ಲಿಂದ ಮೇಡಂ ಬೋರ್ಡಿನ ಮೇಲೆ ಉದ್ದನೆಯ ಗೆರೆ ಎಳೆಯುತ್ತಿದ್ದರು. ಮೆಡುಲ್ಲಾದ ಮುಂಬದಿಯ ಪಾರ್ಶ್ವದಲ್ಲಿ, ಮೇಲ್ಭಾಗದಲ್ಲಿರುವ ನರಕೋಶಗಳು ತಮ್ಮ ತಂತುಗಳನ್ನು ಬೆನ್ನುಹುರಿಯೊಳಗೆ ಇಳಿಬಿಡುತ್ತವೆ. ಎದೆಯ ಭಾಗದಿಂದ ಸೊಂಟದ ಮೇಲ್ಭಾಗದವರೆಗೆ ಬೆನ್ನುಹುರಿಯ ಪಾರ್ಶ್ವದಲ್ಲಿ ಸಾಲುಗಟ್ಟಿರುವ ಕೋಶಗಳಿಗೆ ಗ್ಲುಟಮೇಟ್ ಎಂಬ ರಾಸಾಯನಿಕದ ಮೂಲಕ ಸಂಕೇತ ಕೊಡುತ್ತವೆ. ಆ ಕೋಶಗಳಿಂದ ನರಗಂಟುಗಳಿಗೆ, ಅಲ್ಲಿಂದ ನಾಳದ ಗೋಡೆಗೆ. ಕಿರುನಾಳದ ತ್ರಿಜ್ಯ ಅರ್ಧಕ್ಕಿಳಿದರೆ ಅದೇ ಒತ್ತಡದಲ್ಲಿ ಹರಿವು ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂಬ ಲೆಕ್ಕವನ್ನು ನಮ್ಮಿಂದಲೇ ಮಾಡಿಸುತ್ತಿದ್ದರು.

ಅವರಿಗೆ ಅತಿ ಪ್ರಿಯವಾದದ್ದು ಡ್ಯಾಂಪ್ನಿ ಮತ್ತು ಮ್ಯಾಕ್‌ಆ್ಯಲನ್ 1988ರಲ್ಲಿ ಪ್ರಕಟಿಸಿದ ಅಧ್ಯಯನ. ಬೆಕ್ಕಿನ ಮೆಡುಲ್ಲಾದ ಅಷ್ಟು ಚಿಕ್ಕ ಜಾಗದೊಳಗೇ ಹಿಂಗಾಲಿನ ಚರ್ಮದ ನರಗಳನ್ನು ಕೆರಳಿಸುವ ಕೋಶಗಳು ಒಂದೆಡೆ, ಸ್ನಾಯುವಿನ ನರಗಳನ್ನು ಕೆರಳಿಸುವವು ಇನ್ನೊಂದೆಡೆ ಹೆಚ್ಚಾಗಿದ್ದವು. ಇಡೀ ಊರಿಗೆ ಒಂದೇ ನಲ್ಲಿಯಲ್ಲ, ಕೇರಿಕೇರಿಗೂ ಬೇರೆ ತಿರುಪು ಎಂದು ಅವರು ಹೇಳಿದಾಗ ಆ ಪ್ರಶ್ನೆಯ ಹಿಂದಿನ ಹಟ ನನಗೆ ಅರ್ಥವಾಯಿತು. ನಿಂತ ಕೂಡಲೇ ಸ್ನಾಯು ಮತ್ತು ಕರುಳಿನ ನಾಳಗಳು ಬಿಗಿಯಾಗುವುದು, ಚಳಿಗೆ ಮುಖ್ಯವಾಗಿ ಚರ್ಮದವು ಬಿಗಿಯಾಗುವುದು, ಎರಡೂ ಇಂಥ ಬೇರೆಬೇರೆ ಹತೋಟಿಯಿಂದಲೇ ಸಾಧ್ಯ. ಇಷ್ಟು ಸೊಗಸಾದ ಏರ್ಪಾಡನ್ನು ನಾನು ವೈದ್ಯಶಾಸ್ತ್ರದಲ್ಲಿ ಬೇರೆಲ್ಲೂ ಕಂಡಿಲ್ಲ.

ಎಷ್ಟೋ ವರ್ಷಗಳ ನಂತರ, ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾಗಿದ್ದ ರೋಗಿಯೊಬ್ಬರಿಗೆ ವಾರ್ಡಿನಲ್ಲಿ ಇದ್ದಕ್ಕಿದ್ದಂತೆ ತಲೆ ಸಿಡಿಯತೊಡಗಿತು. ಮುಖ ಕೆಂಪೇರಿ ಬೆವರುತ್ತಿತ್ತು, ಕಾಲುಗಳು ಬಿಳಿಚಿಕೊಂಡು ತಣ್ಣಗಿದ್ದವು, ರಕ್ತದೊತ್ತಡ ವಿಪರೀತ ಏರಿತ್ತು, ನಾಡಿ ಮಾತ್ರ ನಿಧಾನವಾಗಿತ್ತು. ಒಂದೇ ದೇಹದಲ್ಲಿ ಎರಡು ಬಣ್ಣ! ಮೇಡಂ ಕೇಳುತ್ತಿದ್ದ ಪ್ರಶ್ನೆಯೇ ನನಗೆ ದಾರಿ ತೋರಿಸಿತು. ತುಂಬಿದ ಮೂತ್ರಕೋಶದ ಸಂಕೇತ ಬೆನ್ನುಹುರಿಯ ಕೆಳಭಾಗದಲ್ಲೇ ಸುತ್ತಿ ಹೊಟ್ಟೆಯ ಮತ್ತು ಕಾಲಿನ ನಾಳಗಳನ್ನು ಬಿಗಿಮಾಡಿತ್ತು. ಸಡಿಲಿಸಬೇಕೆಂಬ ಮಿದುಳುಕಾಂಡದ ಆದೇಶ ಪೆಟ್ಟಾದ ಜಾಗವನ್ನು ದಾಟಲಾರದು. ಬೆನ್ನುಹುರಿಯ ಹಾದಿ ಹಿಡಿಯದ ವೇಗಸ್ ನರದ ಮೂಲಕ ಹೃದಯವನ್ನು ನಿಧಾನಗೊಳಿಸುವುದಷ್ಟೇ ಅದಕ್ಕೆ ಉಳಿದಿದ್ದ ದಾರಿ.

ರೋಗಿಯನ್ನು ಎಬ್ಬಿಸಿ ಕೂರಿಸಿದೆವು. ಮಡಚಿಕೊಂಡಿದ್ದ ಕ್ಯಾತಿಟರ್, ಅಂದರೆ ಮೂತ್ರ ಹೊರಬಿಡುವ ನಳಿಕೆಯನ್ನು ನೇರ ಮಾಡಿದೆವು. ಮೂತ್ರ ಹರಿದು ಹೋಗುತ್ತಿದ್ದಂತೆ ಒತ್ತಡ ಇಳಿಯಿತು, ಕಾಲಿಗೆ ಬಣ್ಣ ಮರಳಿತು.