ಹದಿನೈದು ಸೆಕೆಂಡಿಗೆ ಮೂವತ್ತೊಂದು

“ನಾನು ಎಣಿಸಿದ್ದೇನೆ ಸರ್. ಮೂವತ್ತೊಂದು.”

ಮಂಗಳವಾರದಿಂದ ಈ ಮಾತು ನನ್ನ ಬೆನ್ನು ಬಿಟ್ಟಿಲ್ಲ. ಹಾಜರಿ ಕೂಗುವಾಗ, ಗವಿಮಠದ ದಾರಿಯಲ್ಲಿ ಬೈಕ್ ನಿಲ್ಲಿಸಿ ಚಹಾ ಕುಡಿಯುವಾಗ, ರಾತ್ರಿ ದೀಪ ಆರಿಸಿ ಮಲಗಿದಾಗ, ಎರಡು ಬೆರಳನ್ನು ಕುತ್ತಿಗೆಯ ಬದಿಗೆ ಒತ್ತಿಕೊಂಡು ನನ್ನ ಮುಖವನ್ನೇ ನೋಡುತ್ತಾ ನಿಂತ ಆ ಹುಡುಗಿ ಕಣ್ಣ ಮುಂದೆ ಬರುತ್ತಾಳೆ.

ತಾಲ್ಲೂಕು ಕೂಟದ ಬಾಲಕಿಯರ 1500 ಮೀಟರ್ ಓಟಕ್ಕೆ ಹೆಸರು ಕೂಗಿದ್ದರು. ಕೊಪ್ಪಳದ ಕ್ರೀಡಾಂಗಣದಲ್ಲಿ ರಾತ್ರಿ ಬಿದ್ದ ಮಳೆಯ ತೇವ ಇನ್ನೂ ಆರಿರಲಿಲ್ಲ. ಮೈ ಬಿಸಿ ಮಾಡಿಕೊಳ್ಳಲು ನಾಲ್ಕು ಸುತ್ತು ನಿಧಾನವಾಗಿ ಓಡಿ ಬಂದವಳ ಎದೆಗೆ ಕಟ್ಟಿದ್ದ, ಹೃದಯದ ಬಡಿತ ಎಣಿಸಿ ಮೊಬೈಲಿಗೆ ಕಳಿಸುವ ಎದೆಪಟ್ಟಿ ಬಿಚ್ಚುವ ಮೊದಲು ಮೊಬೈಲ್ ನೋಡಿದೆ. ನಿಮಿಷಕ್ಕೆ 211 ಎಂದಿತ್ತು. ಒಂದು ನಿಮಿಷ ಕಾದೆ. 198 ಆಯಿತು, ಮತ್ತೆ 214. ಅವಳು ನಿಂತೇ ಇದ್ದಳು. ಏದುಸಿರಿಲ್ಲ, ಮುಖ ಬಿಳಿಚಿರಲಿಲ್ಲ.

“ಏನೂ ಆಗುತ್ತಿಲ್ಲ ಸರ್” ಎಂದಳು. ನಾನು ಕೇಳದೆಯೇ ಕುತ್ತಿಗೆಗೆ ಬೆರಳಿಟ್ಟಳು, ಕ್ರೀಡಾಂಗಣದ ಗಡಿಯಾರ ನೋಡಿಕೊಂಡು ಎಣಿಸಿದಳು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಬಡಿತ ಸಿಗುತ್ತದೆ ಎಂದು ಕಲಿಸಿದವನು ನಾನೇ. ಮೂವತ್ತೊಂದು ಎಂದರೆ ನಿಮಿಷಕ್ಕೆ 124. ನಾಲ್ಕು ಸುತ್ತು ಓಡಿ ನಿಂತ ಮಗುವಿಗೆ ಅದು ಸಹಜ. ನಾನು ಮೊಬೈಲನ್ನೇ ನಂಬಿದೆ. ಹೆಸರು ಹಿಂದಕ್ಕೆ ಪಡೆದೆ.

ಭಯ ಎಲ್ಲಿಂದ ಬಂತು ಎನ್ನುವುದನ್ನೂ ಹೇಳಬೇಕು. 2021ರ ಅಕ್ಟೋಬರ್ 29ರಂದು ಅಪ್ಪು ಹೋದ ಮೇಲೆ ನಮ್ಮ ಕಡೆ ಓಡುವ, ಬೆವರುವ ಯಾರನ್ನು ಕಂಡರೂ ಮನೆಯವರಿಗೆ ಎದೆ ಧಸಕ್ಕೆನ್ನುತ್ತದೆ. ಪಕ್ಕದ ಹೊಸಪೇಟೆಯಲ್ಲಿ ಅವರ ಪ್ರತಿಮೆಯ ಮುಂದೆ ಕೈ ಮುಗಿದು ನಿಂತವರನ್ನು ನೋಡಿದರೆ ಆ ಗಾಯ ಎಷ್ಟು ಹಸಿಯಾಗಿದೆ ಎಂದು ತಿಳಿಯುತ್ತದೆ. 2025ರ ಬೇಸಿಗೆಯ ಕೊನೆಗೆ ಹಾಸನದಿಂದ ಒಂದರ ಮೇಲೊಂದು ಹೃದಯಾಘಾತದ ಸಾವಿನ ಸುದ್ದಿ ಬಂದಾಗ ಮೂವರು ತಂದೆಯರು ನನಗೆ ಫೋನ್ ಮಾಡಿ ಮಕ್ಕಳನ್ನು ಓಡಿಸಬೇಡಿ ಎಂದಿದ್ದರು. ಸಾಲದ್ದಕ್ಕೆ ಈ ಹುಡುಗಿಗೆ ಹೋದ ವರ್ಷ ರಕ್ತಹೀನತೆ ಇತ್ತು. ರಕ್ತ ಕಡಿಮೆ ಇದ್ದರೆ ಹೃದಯ ಹೆಚ್ಚು ಬಡಿಯುತ್ತದೆ. ವಾರಕ್ಕೊಂದು ನೀಲಿ ಕಬ್ಬಿಣದ ಮಾತ್ರೆಯನ್ನು ನನ್ನ ಎದುರಿಗೇ ನುಂಗುತ್ತಾಳೆ. 220ರಿಂದ ವಯಸ್ಸು ಕಳೆದರೆ ಗರಿಷ್ಠ ಬಡಿತ ಎಂಬ ಲೆಕ್ಕವಿದೆ. ಅವಳಿಗೆ ಅದು 205. ಅದು ಸರಾಸರಿಯ ಲೆಕ್ಕ, ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಬಡಿತ ಹೆಚ್ಚು ಕಡಿಮೆ ಇರುವುದು ಸಾಮಾನ್ಯ ಎಂದು ನನಗೆ ಗೊತ್ತು. ಆ ಹೊತ್ತಿನಲ್ಲಿ 211 ಮಾತ್ರ ಕಾಣಿಸಿತು.

ಪಕ್ಕದ ಶಾಲೆಯ ಶಿಕ್ಷಕರೊಬ್ಬರು ಬಂದು ಬೆನ್ನು ತಟ್ಟಿದರು. “ಒಳ್ಳೆಯದೇ ಮಾಡಿದಿರಿ, ಹೆಚ್ಚು ಕಡಿಮೆಯಾದರೆ ನಮ್ಮ ತಲೆಗೆ ಬರುತ್ತದೆ.” ಆ ಮಾತು ನನಗೆ ಹಿಡಿಸಲಿಲ್ಲ. ಮಗುವಿನ ಜೀವದ ಚಿಂತೆಯನ್ನೂ ನಮ್ಮ ನೌಕರಿಯ ಚಿಂತೆಯನ್ನೂ ಒಂದೇ ಚೀಲಕ್ಕೆ ತುಂಬುವವರು ಮೈದಾನಕ್ಕೆ ಬರಬಾರದು. ಹೀಗೆ ಹೇಳುವಾಗ ನನ್ನ ಮನಸ್ಸಿನಲ್ಲಿ ಆ ಎರಡನೆಯ ಚಿಂತೆ ಎಷ್ಟಿತ್ತು ಎಂದೂ ಕೇಳಿಕೊಂಡಿದ್ದೇನೆ. ಇರಲಿಲ್ಲ ಎಂದು ಆಣೆ ಮಾಡಲಾರೆ.

ಅಲ್ಲಿಂದ ನೇರ ಆಸ್ಪತ್ರೆಗೆ ಕರೆದುಕೊಂಡು ಹೋದೆ. ವೈದ್ಯೆ ಮೊದಲು ಯಂತ್ರ ಮುಟ್ಟಲಿಲ್ಲ. ಮಣಿಕಟ್ಟು ಹಿಡಿದು ಪೂರ್ತಿ ಒಂದು ನಿಮಿಷ ಸುಮ್ಮನೆ ಕುಳಿತರು. 88. ಆಮೇಲೆ ಇಸಿಜಿ. ಎಲ್ಲ ಸರಿ ಇತ್ತು. ಹುಡುಗಿ ಗೋಡೆ ನೋಡುತ್ತಿದ್ದಳು. ಅಷ್ಟು ಹೊತ್ತಿಗೆ ಓಟ ಮುಗಿದು ಗೆದ್ದವರ ಹೆಸರನ್ನೂ ಬರೆದುಕೊಂಡಿರಬೇಕು.

ಸಂಜೆ ಎದೆಪಟ್ಟಿಯನ್ನು ಜವಾಹರ ರಸ್ತೆಯ ಬಳಿ ರೇಡಿಯೊ, ಟಿವಿ ದುರಸ್ತಿ ಮಾಡುವ ಹಿರಿಯರೊಬ್ಬರ ಅಂಗಡಿಗೆ ಒಯ್ದೆ. ಕಡಿಮೆ ಮಾತಿನ, ಕೈ ನಡುಗದ ಮನುಷ್ಯ. ಇಂಥವರು ಊರಿಗೊಬ್ಬರಾದರೂ ಇರಬೇಕು. ಮುಚ್ಚಳ ತಿರುಗಿಸಿ ಒಳಗಿನ ಸೆಲ್ ತೆಗೆದರು. 2032 ಎಂದು ಬರೆದಿರುತ್ತದಲ್ಲ, ಅದು 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಎಂಬ ಅರ್ಥವಂತೆ. ಮೀಟರ್ ಹಚ್ಚಿದಾಗ 2.8 ವೋಲ್ಟ್ ತೋರಿಸಿತು. “ಸರಿ ಇದೆಯಲ್ಲ” ಎಂದೆ. ಅವರು ಸಣ್ಣ ರೆಸಿಸ್ಟರ್ ಒಂದನ್ನು ಅಡ್ಡ ಹಿಡಿದರು. ಮುಳ್ಳು 2.2ಕ್ಕೆ ಬಿತ್ತು. “ಸುಮ್ಮನೆ ಕುಳಿತಾಗ ಗಟ್ಟಿಯಾಗಿ ಕಾಣುತ್ತದೆ, ಕೆಲಸ ಹೇಳಿದರೆ ಕುಸಿಯುತ್ತದೆ” ಎಂದರು. ಇಂಥ ಲಿಥಿಯಂ ಸೆಲ್ ತನ್ನ ಆಯುಸ್ಸಿನ ಬಹುಪಾಲು ಮೂರು ವೋಲ್ಟಿನ ಆಸುಪಾಸಿನಲ್ಲೇ ಇದ್ದು ಕೊನೆಗೆ ಒಮ್ಮೆಲೇ ಇಳಿಯುತ್ತದೆ. ಮೊಬೈಲಿನಲ್ಲಿ ಬ್ಯಾಟರಿಯ ಗುರುತು ಹಸಿರಾಗಿಯೇ ಇದ್ದುದಕ್ಕೆ ಅದೇ ಕಾರಣ.

ಹೃದಯದ ಪ್ರತಿ ಬಡಿತಕ್ಕೂ ಎದೆಯ ಚರ್ಮದ ಮೇಲೆ ಸಿಗುವ ವಿದ್ಯುತ್ತು ಒಂದು ಮಿಲಿವೋಲ್ಟಿನ ಆಸುಪಾಸು. ಅಷ್ಟು ಸಣ್ಣ ಪಿಸುಮಾತನ್ನು ಹಿಡಿದು, ಬ್ಲೂಟೂತ್ ಮೂಲಕ ಮೊಬೈಲಿಗೆ ಕಳಿಸಬೇಕು. ಕಳಿಸುವ ಕ್ಷಣದಲ್ಲಿ ಸೆಲ್ ಸೋತರೆ ಬಡಿತ ಯಾವುದು, ಗದ್ದಲ ಯಾವುದು ಎಂಬುದು ಎದೆಪಟ್ಟಿಗೆ ತಿಳಿಯುವುದಿಲ್ಲ. ಬಟ್ಟೆಯ ಉಜ್ಜಾಟವನ್ನೂ ಬಡಿತವೆಂದು ಲೆಕ್ಕ ಹಾಕುತ್ತದೆ. ಮಣಿಕಟ್ಟಿನ ಪಟ್ಟಿಗಳು ಹಸಿರು ಬೆಳಕು ಚೆಲ್ಲಿ ರಕ್ತದ ಏರಿಳಿತ ನೋಡುತ್ತವೆ. ಓಡುವಾಗ ಅವು ಕೆಲವೊಮ್ಮೆ ಹೆಜ್ಜೆಯ ಲಯವನ್ನೇ ಹೃದಯದ ಲಯವೆಂದು ತಿಳಿದುಬಿಡುತ್ತವೆ. ಅದಕ್ಕೇ ನಾನು ಎದೆಪಟ್ಟಿಯನ್ನು ಆರಿಸಿಕೊಂಡದ್ದು. ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಪ್ರೀತಿಯಿಂದ ಕೊಡಿಸಿದ್ದ.

ಡಬ್ಬಿಯ ಮೇಲೆ 400 ಗಂಟೆ ಎಂದಿತ್ತು. ನಾವು ಬಳಸಿದ್ದು ಐದು ವಾರ, ದಿನಕ್ಕೆ ಒಂದೂವರೆ ಗಂಟೆ. ಐವತ್ತು ಗಂಟೆಯ ಆಸುಪಾಸು, ಅಷ್ಟೇ. “ಎಲ್ಲಿ ಇಡುತ್ತೀರಿ?” ಎಂದು ಅಂಗಡಿಯವರು ಕೇಳಿದರು. ಮಳೆಗಾಲ, ಚೀಲ ನೆನೆಯುತ್ತದೆ ಎಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಡುತ್ತಿದ್ದೆ. ಗುಂಡನೆಯ ಯಂತ್ರ ಎಲ್ಲಾದರೂ ಬಿದ್ದುಹೋದೀತೆಂದು ಪಟ್ಟಿಯಿಂದ ಬಿಡಿಸುತ್ತಲೂ ಇರಲಿಲ್ಲ. ಅವರು ಪಟ್ಟಿಯನ್ನು ಮೂಗಿನ ಬಳಿ ಹಿಡಿದು ನನ್ನ ಕೈಗಿತ್ತರು. ಹಿಂದಿನ ದಿನದ ಬೆವರು ಇನ್ನೂ ಒದ್ದೆಯಾಗಿತ್ತು.

ಪಟ್ಟಿಯ ಎರಡು ತುದಿಗಳ ನಡುವೆ ತೇವ ಸಿಕ್ಕರೆ ಯಂತ್ರ ತನ್ನನ್ನು ಯಾರೋ ಎದೆಗೆ ಕಟ್ಟಿಕೊಂಡಿದ್ದಾರೆಂದು ತಿಳಿದು ಎಚ್ಚರಾಗುತ್ತದೆ. ಬೆವರಿನ ಉಪ್ಪು ನೀರು ವಿದ್ಯುತ್ತಿಗೆ ಒಳ್ಳೆಯ ದಾರಿ. ಹಾಗಾಗಿ ಐದು ವಾರವೂ ಹಗಲು ರಾತ್ರಿ ನನ್ನ ಚೀಲದೊಳಗೆ ಅದು ಯಾರ ಎದೆಯೂ ಇಲ್ಲದೆ ಎದೆಬಡಿತ ಹುಡುಕುತ್ತಾ ಕುಳಿತಿತ್ತು. ಪಟ್ಟಿಯಿಂದ ಯಂತ್ರ ಬಿಡಿಸಿ, ನೀರಿನಲ್ಲಿ ತೊಳೆದು ನೆರಳಿಗೆ ಒಣಹಾಕುವುದು ಎರಡು ನಿಮಿಷದ ಕೆಲಸ. ಅದನ್ನು ಮಾಡದ್ದರಿಂದ ಒಂದು ಮಗುವಿನ ವರ್ಷ ಹೋಯಿತು.

ಹಳೆಯ ಸೆಲ್ಲನ್ನು ಅಲ್ಲಿ ಬಿಡದೆ ಅಂಟುಪಟ್ಟಿ ಸುತ್ತಿಸಿಕೊಂಡು ಜೇಬಿಗೆ ಹಾಕಿಕೊಂಡೆ. ಸಣ್ಣ ಮಕ್ಕಳು ಇಂಥದ್ದನ್ನು ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಟ್ಟುಹೋಗಬಹುದು. ಶಾಲೆಯ ಅಂಗಳದಲ್ಲಿ ಒಂದು ಬಿದ್ದಿದ್ದರೂ ನನಗೆ ನಿದ್ದೆ ಬರುವುದಿಲ್ಲ.

ಬುಧವಾರ, ಗುರುವಾರ ಹುಡುಗಿ ಮೈದಾನಕ್ಕೆ ಬರಲಿಲ್ಲ. ಶುಕ್ರವಾರ ಅವಳ ಊರಿಗೆ ಹೋದೆ. ಅವಳು ಬೀಜೋತ್ಪಾದನೆಯ ಹತ್ತಿ ಹೊಲದಲ್ಲಿದ್ದಳು. ಹೂವಿಗೆ ಹೂ ತಾಗಿಸುವ ಕೆಲಸದ ಕಾಲವಿದು. ಬೆಳಗಿನ ಹೊತ್ತು ಸಣ್ಣ ಬೆರಳುಗಳಿಗೆ ಬೇಡಿಕೆ. ಶಾಲೆ ಬಿಡಿಸಬೇಡಿ ಎಂದು ಪ್ರತಿ ವರ್ಷ ಮನೆಮನೆಗೆ ಹೋಗಿ ಬೇಡುವವನು ನಾನು. ಈ ಬಾರಿ ಯಾವ ಬಾಯಿಂದ ಬೇಡಲಿ?

ಅವಳ ತಾಯಿ ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟರು. ನಡೆದದ್ದನ್ನೆಲ್ಲ ಹೇಳಿ, ತಪ್ಪು ನನ್ನದು ಎಂದೆ. ಅವರು ಸಿಟ್ಟಾಗಲಿಲ್ಲ. ತಮ್ಮ ಹೆಬ್ಬೆರಳನ್ನು ನನ್ನ ಮುಂದೆ ಹಿಡಿದರು. ಕೂಲಿ ಮಾಡಿ ಗೆರೆಗಳೆಲ್ಲ ಸವೆದಿದ್ದವು.

“ರೇಷನ್ ಅಂಗಡಿಯ ಯಂತ್ರ ಇದು ನನ್ನ ಬೆರಳಲ್ಲ ಎನ್ನುತ್ತದೆ. ನಾನೇ ಎದುರಿಗೆ ನಿಂತಿರುತ್ತೇನೆ, ಮೂರು ಸಲ ಒರೆಸಿ ಒತ್ತುತ್ತೇನೆ, ಕೇಳುವುದಿಲ್ಲ. ಈಗ ನನ್ನ ಮಗಳ ಎದೆಯೂ ಅವಳದಲ್ಲ ಎಂದು ಹೇಳಿತೇ?”

ನನ್ನ ಬಳಿ ಉತ್ತರವಿರಲಿಲ್ಲ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಎಷ್ಟು ಹೆಣ್ಣುಮಕ್ಕಳು ನನ್ನ ಬಳಿ ಬಂದು “ತಲೆ ಸುತ್ತುತ್ತಿದೆ”, “ಹೊಟ್ಟೆ ನೋಯುತ್ತಿದೆ” ಎಂದಿದ್ದಾರೆ! ಅವರ ಮಾತಿಗಿಂತ ಮೊದಲು ಥರ್ಮಾಮೀಟರ್ ಹುಡುಕಿದ್ದೇನೆ. ಪಾದರಸ ಏರದಿದ್ದರೆ ಸಾಲಿಗೆ ನಿಲ್ಲು ಎಂದಿದ್ದೇನೆ. ಈ ಹುಡುಗಿ ಬರಿಯ “ಚೆನ್ನಾಗಿದ್ದೇನೆ” ಎನ್ನಲಿಲ್ಲ. ನಾನು ಕಲಿಸಿದ ವಿದ್ಯೆಯನ್ನು ನನ್ನೆದುರೇ ಪ್ರಯೋಗಿಸಿ ಲೆಕ್ಕ ಒಪ್ಪಿಸಿದ್ದಳು. ಬೆಲೆಯುಳ್ಳ ವಸ್ತು ಸುಳ್ಳು ಹೇಳದು, ಹಳ್ಳಿಯ ಹುಡುಗಿ ತಪ್ಪು ಎಣಿಸಿಯಾಳು ಎಂಬ ನಂಬಿಕೆ ನನ್ನಲ್ಲಿ ಎಂದಿನಿಂದ ಬೇರು ಬಿಟ್ಟಿತ್ತೋ! ಅದೇ ಬೆರಳು, ಅದೇ ಕುತ್ತಿಗೆ, ಅದೇ ಮೂವತ್ತೊಂದು. ಆ ವೈದ್ಯೆ ಬಿಳಿ ಕೋಟು ಹಾಕಿಕೊಂಡು ಎಣಿಸಿದ್ದರೆ ನಾನು ಮೊಬೈಲನ್ನು ಜೇಬಿಗಿಡುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಹುಡುಗಿ ಹೊಲದಿಂದ ಬಂದಳು. ಬೆರಳ ತುದಿಗೆ ಹೂವಿನ ಹಳದಿ ಪುಡಿ ಅಂಟಿತ್ತು. ಸೆಲ್ ಹಾಳಾಗಿತ್ತು, ನೀನು ಎಣಿಸಿದ್ದೇ ಸರಿ, ನಿನ್ನನ್ನು ಓಡಲು ಬಿಡಬೇಕಿತ್ತು ಎಂದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಮುಂದಿನ ವರ್ಷ ಹತ್ತನೆಯ ತರಗತಿ, ಇನ್ನೊಂದು ಕೂಟವಿದೆ ಎಂದು ನಾನು ಹೇಳತೊಡಗಿದಾಗ ತಲೆ ಎತ್ತಿದಳು.

“ಹೊಸ ಸೆಲ್ ಹಾಕಿದಿರಾ ಸರ್?”

“ಹಾಕಿದ್ದೇನೆ. ಪಟ್ಟಿಯನ್ನೂ ತೊಳೆದು ಒಣಗಿಸಿದ್ದೇನೆ.”

ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಸೋಮವಾರ ಬರುತ್ತೇನೆ. ಆದರೆ ಮೊದಲು ನಾನು ಎಣಿಸುತ್ತೇನೆ, ನೀವು ಬರೆದುಕೊಳ್ಳಬೇಕು. ಅದನ್ನು ಆಮೇಲೆ ನೋಡಬೇಕು.”

ಬರುವ ದಾರಿಯಲ್ಲಿ ಗಿಣಿಗೇರಾ ದಾಟಿದ ಮೇಲೆ ಒಂದು ಅಂಗಡಿಯಲ್ಲಿ ನಿಲ್ಲಿಸಿ ಇನ್ನೂರು ಪುಟದ ನೋಟ್‌ಬುಕ್ ಕೊಂಡೆ. ಮೊದಲ ಪುಟದ ಮೇಲೆ ಅವಳ ಹೆಸರು ಬರೆದು, ಕೆಳಗೆ ಮಂಗಳವಾರದ ದಿನಾಂಕ ಹಾಕಿ, ಎದುರಿಗೆ 31 ಎಂದು ಬರೆದಿದ್ದೇನೆ.