ನಮ್ಮಂಥ ಸಣ್ಣ ಸಭೆಯವರಿಗೆ

ನಮ್ಮದು ಧಾರವಾಡ ಕಡೆಯ ಒಂದು ಹಳ್ಳಿಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಭಾನುವಾರ ಆರಾಧನೆಗೆ ಹತ್ತು ಹನ್ನೆರಡು ಜನ ಸೇರಿದರೆ ಅದೇ ಜಾಸ್ತಿ. ಓದಿದ ಮಕ್ಕಳು ಹುಬ್ಬಳ್ಳಿ, ಬೆಂಗಳೂರು ಸೇರಿದ್ದಾರೆ. ಸಭಾಪಾಲಕರು ಬೇರೆ ಊರಿನ ಸಭೆಗಳನ್ನೂ ನೋಡಿಕೊಳ್ಳಬೇಕು. ಅವರು ಬಾರದ ವಾರ ನಮ್ಮ ಹಿರಿಯರೊಬ್ಬರೇ ಆರಾಧನೆ ನಡೆಸುತ್ತಾರೆ.

ನಮ್ಮಂಥವರಿಗೆ ಎಲ್ಲರೂ ಹೇಳುವ ಧೈರ್ಯದ ಮಾತು ಬೈಬಲಿನ ಮತ್ತಾಯ 18:20. ಇಬ್ಬರು ಮೂವರು ನನ್ನ ಹೆಸರಿನಲ್ಲಿ ಸೇರಿದ ಕಡೆ ನಾನಿದ್ದೇನೆ ಅಂತ ಯೇಸುಸ್ವಾಮಿ ಹೇಳಿದ್ದು. ಆ ವಚನ ನನಗೆ ತುಂಬಾ ಇಷ್ಟ. ಆದರೆ ದಯವಿಟ್ಟು 15ನೇ ವಚನದಿಂದ ಓದಿಕೊಂಡು ಬನ್ನಿ. ತಪ್ಪು ಮಾಡಿದ ಸಹೋದರನ ಹತ್ತಿರ ಮೊದಲು ನೀನೊಬ್ಬನೇ ಹೋಗು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು ಅನ್ನುತ್ತಾನೆ. ಮುಂದಕ್ಕೆ ಓದಿದರೆ, ಎಷ್ಟು ಸಾರಿ ಕ್ಷಮಿಸಬೇಕು ಅಂತ ಶಿಷ್ಯ ಪೇತ್ರ ಕೇಳುತ್ತಾನೆ. ಹಿಂದೆ ಮುಂದೆ ಎಲ್ಲಾ ಮುನಿಸು, ರಾಜಿಯ ಮಾತೇ!

ಸಣ್ಣ ಸಭೆಗೆ ಬೇಕಾದದ್ದೂ ಅದೇ ಅಲ್ವಾ? ದೊಡ್ಡ ಚರ್ಚಿನಲ್ಲಾದರೆ ಆಗದವರನ್ನು ಕಂಡು ಬೇರೆ ಬೆಂಚಿನಲ್ಲಿ ಕೂರಬಹುದು. ನಮ್ಮಲ್ಲಿ ಎಲ್ಲಿ ಕೂತರೂ ಎದುರುಬದುರೇ. ಹಿತ್ತಲ ಗೋಡೆ ವಿಷಯಕ್ಕೆ ಎರಡು ಮನೆಯವರು ಮಾತು ಬಿಟ್ಟರು. ಒಂದು ಮನೆಯವರು ಆರಾಧನೆಗೆ ಬರುವುದನ್ನೇ ನಿಲ್ಲಿಸಿದರು. ಅರ್ಧ ಸಭೆ ಖಾಲಿ. ಗೀತೆ ಎತ್ತಿಕೊಡುವವರೇ ಇಲ್ಲ.

ಆಗ ನಾನು ಬೈಬಲಿನಲ್ಲಿ ಬರುವ ಫಿಲಿಪ್ಪಿ ಪಟ್ಟಣದ ಸಭೆಯ ಬಗ್ಗೆ ತುಂಬಾ ಓದಿದೆ. ಅಪೊಸ್ತಲರ ಕೃತ್ಯಗಳು 16ರಲ್ಲಿ ಅದು ಶುರುವಾಗುವುದು ಹೊಳೆ ದಂಡೆಯಲ್ಲಿ, ಪ್ರಾರ್ಥನೆಗೆ ಸೇರಿದ್ದ ಹೆಂಗಸರ ನಡುವೆ. ಬೆಲೆಬಾಳುವ ಬಣ್ಣದ ಬಟ್ಟೆ ಮಾರುತ್ತಿದ್ದ ಲುದ್ಯ ಅವರಲ್ಲೊಬ್ಬಳು. ಮುಂದೆ ಆ ಸಭೆ ಶುರುಮಾಡಿದ ಅಪೊಸ್ತಲ ಪೌಲ ಸೆರೆಯಿಂದ ಅದೇ ಸಭೆಗೆ ಬರೆದ ಪತ್ರದ ತುಂಬಾ ಸಂತೋಷವೇ. ಅಂಥ ಸಭೆಯಲ್ಲೂ ಯುವೊದ್ಯ, ಸಂತುಕೆ ಅನ್ನುವ ಇಬ್ಬರು ಹೆಂಗಸರಿಗೆ ಮನಸ್ತಾಪ. ಪೌಲ ಇಬ್ಬರ ಹೆಸರನ್ನೂ ಹಿಡಿದು ಬೇಡಿಕೊಳ್ಳುತ್ತಾನೆ. ಅವರಿಗೆ ಸಹಾಯ ಮಾಡು ಅಂತ ಇನ್ನೊಬ್ಬರಿಗೂ ಹೇಳುತ್ತಾನೆ.

ನಮ್ಮ ಹಿರಿಯರೂ ಹಾಗೇ ಮಾಡಿದರು. ಒಂದು ಸಂಜೆ ಯಾರಿಗೂ ಹೇಳದೆ, ಆರಾಧನೆಗೆ ಬರುವುದು ನಿಲ್ಲಿಸಿದ್ದ ಆ ಮನೆಗೆ ಹೋದರು. ಚಹಾ ಕುಡಿದರು, ಪ್ರಾರ್ಥನೆ ಮಾಡಿ ಬಂದರು. ಇನ್ನೊಮ್ಮೆ ನಮ್ಮ ಅತ್ತೆಯನ್ನೂ ಕರೆದುಕೊಂಡು ಹೋದರು.

ಮುಂದಿನ ಕರ್ತನ ಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯ) ದಿನ ಆ ಮನೆಯವರು ಬಂದರು. ಸಿಎಸ್‌ಐ ಹುಟ್ಟಿದ್ದು 1947ರಲ್ಲಿ. 1950ರ ಆರಾಧನಾ ಕ್ರಮದಿಂದಲೂ ನಮ್ಮಲ್ಲಿ ಕೈಯಿಂದ ಕೈಗೆ ಸಮಾಧಾನ ಕೊಡುವ, ಅಂದರೆ ಕೈ ಹಿಡಿದು ಶಾಂತಿ ಹಾರೈಸುವ ಪದ್ಧತಿ ಇದೆ. ಕೊಡುವವರ ಬಲಗೈ, ತೆಗೆದುಕೊಳ್ಳುವವರ ಬಲಗೈ ಸೇರುತ್ತವೆ. ಇಬ್ಬರೂ ಎಡಗೈಯನ್ನು ಅದರ ಮೇಲೆ ಮುಚ್ಚುತ್ತಾರೆ. ಇರುವವರೇ ಇಷ್ಟು ಜನ, ಯಾರನ್ನು ದಾಟಿ ಹೋಗುತ್ತೀರಿ? ಸರದಿ ಮುನಿಸಿಕೊಂಡಿದ್ದ ಆ ಎರಡು ಮನೆಯ ಇಬ್ಬರು ಹೆಂಗಸರಿಗೆ ಬಂತು. ಚಿಕ್ಕವಳು ಗೀತೆ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೈ ಚಾಚಿದಳು. ಇಬ್ಬರೂ ಮುಖ ಎತ್ತಲಿಲ್ಲ. ಆದರೆ ಹಿಂದಿನ ಬೆಂಚಿನವರು ಕಾಯುತ್ತಾ ನಿಂತರೂ ಕೈ ಬಿಡಲಿಲ್ಲ. ನನಗಂತೂ ಕಣ್ಣು ತುಂಬಿತು. ಗೋಡೆಯ ಲೆಕ್ಕ ಇನ್ನೂ ಮುಗಿದಿಲ್ಲ, ಅದು ನಿಜ.

ನಿಮ್ಮ ಸಭೆಯೂ ಇಷ್ಟೇ ಇದ್ದರೆ ಒಂದು ಬೇಡಿಕೆ. ಸುಮಾರು ದಿನದಿಂದ ಬಾರದವರು ಯಾರು ಅಂತ ನಿಮಗೆ ಗೊತ್ತೇ ಇರುತ್ತದೆ. ಈ ವಾರ ಅವರ ಮನೆಗೆ ಹೋಗಿ ಬನ್ನಿ. ಮೊದಲ ಸಲ ಒಬ್ಬರೇ ಹೋಗಿ.